ಎಡಗಡೆಯ ಮುಂದಿನ ಸೀಟು

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಜಾತಕ ಕೇಳಲಿಲ್ಲ, ಹಾಡು ಬರುತ್ತದಾ ಎಂದು ಕೇಳಲಿಲ್ಲ. ಉಪ್ಪಿಟ್ಟನ್ನೂ ಅರ್ಧಕ್ಕೇ ಬಿಟ್ಟು ಎದ್ದರು. ಬಾ, ಕಾರಿನಲ್ಲಿ ಕೂತುಕೋ ಎಂದರು. ಮುಂದೆ, ಎಡಗಡೆ. ಉಮಾಪತಿ ಗಾಡಿ ಓಡಿಸಿದ. ಅವನ ತಾಯಿ ಶಿವಗಂಗಮ್ಮ ಹಿಂದಿನ ಸೀಟಿನಿಂದ ಕತ್ತು ಚಾಚಿ, ನನ್ನ ಮುಖ ಬಿಟ್ಟು ಸ್ಟೇರಿಂಗಿನ ಹಿಂದಿನ ಮೀಟರುಗಳನ್ನೇ ನೋಡುತ್ತಿದ್ದರು. ಕೆರೆ ಏರಿಯ ಮೇಲೆ ಹೋಗಿ, ಸೇತುವೆ ದಾಟಿ, ರೈಸ್ ಮಿಲ್ಲಿನ ಹತ್ತಿರ ತಿರುಗಿಸಿಕೊಂಡು ಬಂದೆವು. ಹಳದಿ ದೀಪ ಹತ್ತಲಿಲ್ಲ. ಶಿವಗಂಗಮ್ಮ ನನ್ನ ಹೆಗಲು ಮುಟ್ಟಿ, "ಕೂರ್ತದೆ ಬುಡು" ಎಂದರು. ನಾನೊಬ್ಬಳು ಪೆದ್ದಿ, ಅದನ್ನು ಆಶೀರ್ವಾದ ಎಂದುಕೊಂಡು ಕಾಲಿಗೆ ನಮಸ್ಕಾರ ಬೇರೆ ಮಾಡಿದೆ.

ನಮ್ಮೂರಿನ ಕಾರುಗಳಲ್ಲಿ ಆ ದೀಪ ಎಂಜಿನ್ನಿಗಾಗಿ ಹತ್ತುವುದಿಲ್ಲ. ಎಂಜಿನ್ ಹೊಗೆ ಉಗುಳಲಿ, ಕೆಮ್ಮಲಿ, ನಡುರಸ್ತೆಯಲ್ಲಿ ಪ್ರಾಣ ಬಿಡಲಿ, ದೀಪ ತೆಪ್ಪಗಿರುತ್ತದೆ. ಒಳಗೆ ಕೂತ ಸಂಸಾರದಲ್ಲಿ ಏನಾದರೂ ಕೆಟ್ಟಿದ್ದರೆ ಮಾತ್ರ ಹತ್ತುತ್ತದೆ. ಹತ್ತಿತೋ, ಆ ಗಾಡಿಗೆ ಮದುವೆಮನೆಯ ಗೇಟು ತೆಗೆಯುವುದಿಲ್ಲ. ಕಾವಲಿನವನು ಕಿಟಕಿಯೊಳಗೆ ತಲೆ ಹಾಕಿ ನೋಡಿ, ಆ ಕಡೆ ಹುಣಸೆಮರದ ಕೆಳಗೆ ನಿಲ್ಲಿಸಿಕೊಳ್ಳಿ ಎನ್ನುತ್ತಾನೆ. ಪೆಟ್ರೋಲ್ ಬಂಕಿನವರು ಕಂಡೂ ಕಾಣದ ಹಾಗೆ ಹಿಂದಿನ ಗಾಡಿಗೆ ಪೈಪು ಹಾಕುತ್ತಾರೆ. ಇನ್ನೊಂದು ಕಟ್ಟಳೆ ಏನೆಂದರೆ, ಎಡಗಡೆಯ ಮುಂದಿನ ಸೀಟು ಖಾಲಿ ಬಿಟ್ಟುಕೊಂಡು ಸಂಸಾರಸ್ಥರು ಗಾಡಿ ಓಡಿಸಬಾರದು. ಹೆಣ ಸಾಗಿಸುವ ವ್ಯಾನು ಮಾತ್ರ ಹಾಗೆ ಹೋಗುವುದು.

ದೀಪ ಹತ್ತಿದರೆ ಚಿಕ್ಕರುದ್ರಪ್ಪನ ಶೆಡ್ಡಿಗೆ ಹೋಗಬೇಕು. ಸ್ಟೇರಿಂಗಿನ ಕೆಳಗೆ, ಓಡಿಸುವವನ ಮೊಣಕಾಲು ತಾಗುವ ಕಡೆ ಒಂದು ಸಾಕೆಟ್ ಇರುತ್ತದೆ, ಎರಡು ಸಾಲು ತೂತಿನದು. ಚಿಕ್ಕರುದ್ರಪ್ಪ ಸ್ಕ್ಯಾನರಿನ ವೈರನ್ನು ಅಲ್ಲಿಗೆ ಚುಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಕಾಯುತ್ತಾನೆ. ಪರದೆಯ ಮೇಲೆ ಒಂದು ಅಕ್ಷರ, ನಾಲ್ಕು ಅಂಕಿ ಮೂಡುತ್ತವೆ. ಕೊನೆಯ ಅಂಕಿ ಸೀಟಿನದು. ಒಂದು ಎಂದರೆ ಓಡಿಸುವವನು, ಎರಡು ಎಂದರೆ ಅವನ ಪಕ್ಕದ ಎಡಸೀಟು, ಮಿಕ್ಕವು ಹಿಂದಿನವು. ಊರಿಗೆ ಅಷ್ಟು ಮಾತ್ರ ಗೊತ್ತು, ಅಷ್ಟೇ ಸಾಕು ಅಂತಲೂ ಊರು ತೀರ್ಮಾನ ಮಾಡಿಕೊಂಡಿದೆ. ಶೆಡ್ಡಿನ ಬೆಂಚಿನ ಮೇಲೆ ಸದಾ ನಾಲ್ಕಾರು ಹಿರಿಯರು ಕಾಫಿ ಕುಡಿಯುತ್ತ ಕೂತಿರುತ್ತಾರೆ. ಕೋಡ್ ಅನ್ನು ಅವರ ಎದುರು ಗಟ್ಟಿಯಾಗಿ ಓದಿದರೇ ಲೆಕ್ಕಕ್ಕೆ. ಓದಿದ ಮೇಲೆ ಆ ಸೀಟಿನವರನ್ನು ಇಳಿಸಿ ಬೇರೆಯವರನ್ನು ಕೂರಿಸುತ್ತಾರೆ. ಇದಕ್ಕೆ ಪಾರ್ಟು ಬದಲಾಯಿಸುವುದು ಅಂತ ಹೆಸರು. ಇಳಿದವರು ಆಮೇಲೆ ಯಾರ ಗಾಡಿಯನ್ನೂ ಹತ್ತುವಂತಿಲ್ಲ, ಆ ಮನೆಯಲ್ಲೂ ಇರುವಂತಿಲ್ಲ. ಕೆರೆಯ ಹಿಂದೆ ಅವರದ್ದೇ ಒಂದು ಬೀದಿ ಇದೆ, ನಡಿಗೆ ಬೀದಿ ಅಂತ. ಅಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಕಾಲೇ ಗತಿ. ಮಕ್ಕಳಿದ್ದರೆ ಅವು ಗಾಡಿಯಿರುವ ಮನೆಯಲ್ಲೇ ಉಳಿಯುತ್ತವೆ.

ಉಮಾಪತಿಯ ಮೊದಲ ಹೆಂಡತಿ ವಿಶಾಲಾಕ್ಷಿಯನ್ನು ಹಾಗೆ ಇಳಿಸಿದ್ದರು. ಕೊನೆಯ ಅಂಕಿ ಎರಡು ಬಂದಿತ್ತು. ಅವಳ ಜಾಗಕ್ಕೆ ನಾನು ಹೊಸ ಪಾರ್ಟು. ಇದೆಲ್ಲ ನನಗೆ ಮದುವೆಗೆ ಮುಂಚೆಯೇ ಗೊತ್ತಿತ್ತು, ಯಾರೂ ಮುಚ್ಚಿಡಲಿಲ್ಲ. ನಮ್ಮಪ್ಪ ಬಸ್ ಕಂಡಕ್ಟರಾಗಿದ್ದವರು, ನನಗೆ ವಯಸ್ಸು ಮೀರುತ್ತಿದೆ ಎಂದು ಕೊರಗುತ್ತಿದ್ದರು. ಉಮಾಪತಿಯದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ವ್ಯಾಪಾರ. ಊರಿನ ಯಾವ ಮದುವೆಯೂ ಅವನ ಕೊಪ್ಪರಿಗೆ ಇಲ್ಲದೆ ನಡೆಯುತ್ತಿರಲಿಲ್ಲ. ಅವನನ್ನು ದೇವರಂಥ ಮನುಷ್ಯ ಎನ್ನದವರೂ ಇರಲಿಲ್ಲ. ಅಂಥವನಿಗೆ ಕೆಟ್ಟ ಹೆಂಡತಿ ಸಿಕ್ಕಳಲ್ಲ ಎಂದು ನಾನೂ ಮರುಗಿದ್ದೆ, ನನ್ನ ಬಾಯಿಗೆ ಮಣ್ಣು ಬೀಳ.

ಮನೆಯಲ್ಲಿ ಅವನು ಒಂದು ಗಟ್ಟಿ ಮಾತು ಆಡಿದವನಲ್ಲ. ತಟ್ಟೆಯನ್ನು ತಾನೇ ತೊಳೆದಿಡುವನು. ಗಾಡಿಯ ಗಾಜುಗಳು ಮೇಲಕ್ಕೆ ಹೋದರೆ ಬೇರೆಯೇ ಆಸಾಮಿ. ಆಗಲೂ ದನಿ ಏರುತ್ತಿರಲಿಲ್ಲ. ನಿಮ್ಮಪ್ಪ ಜೀವಮಾನವೆಲ್ಲ ಚಿಲ್ಲರೆ ಎಣಿಸಿ ಎಣಿಸಿ ಚಿಲ್ಲರೆ ಮಗಳನ್ನೇ ಹೆತ್ತ ಎಂದು ನಗುನಗುತ್ತ ಹೇಳುವನು. ನನ್ನ ಮೂಗು, ನನ್ನ ನಡಿಗೆ, ನಾನು ಅನ್ನ ನುಂಗುವ ಸದ್ದು, ಒಂದೊಂದನ್ನೂ ದೇವರ ನಾಮ ಹೇಳುವಷ್ಟು ನಿಧಾನವಾಗಿ ಹೇಳುವನು. ಗೇರು ಹಾಕಿದ ಎಡಗೈ ಸ್ಟೇರಿಂಗಿಗೆ ವಾಪಸು ಹೋಗುವ ದಾರಿಯಲ್ಲಿ ನನ್ನ ಬಲತೋಳಿನ ಒಳಭಾಗವನ್ನು ಚಿವುಟುತ್ತಿತ್ತು. ಮೆಣಸಿನಕಾಯಿ ತೊಟ್ಟು ಮುರಿಯುವ ಹಾಗೆ, ಉಗುರಿನಲ್ಲಿ. ಎದುರಿಗೆ ಯಾರಾದರೂ ಪರಿಚಯದವರು ಬಂದರೆ ಬಲಗೈ ಎತ್ತಿ ನಮಸ್ಕಾರ ಮಾಡುವನು, ಎಡಗೈ ಬಿಡುತ್ತಿರಲಿಲ್ಲ.

ನಾನು ಸುಮ್ಮನಿರುವವರ ಪೈಕಿಯಲ್ಲ. ನನ್ನ ಬಾಯಿ ನಮ್ಮ ಬೀದಿಗೆಲ್ಲ ಪ್ರಸಿದ್ಧ. ಮೊದಲ ಸಲವೇ ಕಿರುಚಿದೆ. ಹಿಂದೆ ಕೂತಿದ್ದ ಅತ್ತೆ ಏನಾಯಿತು ಎಂದು ಕೇಳಿದರು. ಸೀಟ್ ಬೆಲ್ಟು ಸಿಕ್ಕಿಕೊಂಡಿತು ಎಂದ ಉಮಾಪತಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಬೆಲ್ಟು ಹಾಕಿಕೊಳ್ಳಲು ಬರದ ಹೆಣ್ಣನ್ನು ಎಲ್ಲೂ ಕಾಣೆ ಎಂದು ಕಿಟಕಿ ಕಡೆ ತಿರುಗಿದರು. ಅವರ ಪಕ್ಕದಲ್ಲಿ ವಿಶಾಲಾಕ್ಷಿಯ ಮಗಳು ತನುಜಾ, ಮೂರನೇ ಕ್ಲಾಸಿನ ಹುಡುಗಿ, ತಲೆ ಬಗ್ಗಿಸಿ ಫ್ರಾಕಿನ ದಾರ ಎಳೆಯುತ್ತಿದ್ದಳು. ಆ ಮಗು ನನ್ನನ್ನು ಬಂದ ವಾರದಲ್ಲೇ ಚಿಕ್ಕಮ್ಮ ಎಂದು ಕರೆದು, ಜಡೆ ಹಾಕಿಸಿಕೊಳ್ಳಲು ಬೆನ್ನು ತಿರುಗಿಸಿ ಕೂತಿತ್ತು. ಆ ಮನೆಯಲ್ಲಿ ನನಗೆ ಸಿಕ್ಕ ಒಂದೇ ಒಂದು ಒಳ್ಳೆಯದು ಅವಳು.

ಒಂದು ಸಲ ಆದದ್ದಕ್ಕೆ ದೀಪ ಹತ್ತುವುದಿಲ್ಲ. ಅದೇ ಅದೇ ಆಗುತ್ತಿದ್ದರೆ ಹತ್ತುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಸೇತುವೆ ದಾಟಿ ಗಾಜು ಏರಿಸಿದ ಮೇಲೆ, ಮೀಟರಿನ ಮೂಲೆಯಲ್ಲಿ ಅದು ಹೊತ್ತಿಕೊಂಡಿತು. ನಿಜ ಹೇಳಲೇ? ನನಗೆ ಖುಷಿಯಾಯಿತು. ದೇವರು ಕಣ್ಣು ಬಿಟ್ಟ, ಈಗ ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡೆ. ಉಮಾಪತಿ ನೆಟ್ಟಗೆ ಚಿಕ್ಕರುದ್ರಪ್ಪನ ಶೆಡ್ಡಿಗೆ ಹೋದ. ಬೆಂಚಿನವರು ಇನ್ನೂ ಬಂದಿರದ ಹೊತ್ತು. ಸ್ಕ್ಯಾನರಿನಲ್ಲಿ ಕೊನೆಯ ಅಂಕಿ ಎರಡು ಬಂತು. ಉಮಾಪತಿ ನನ್ನನ್ನು ನೋಡಿ ಎಷ್ಟು ಮರುಕದಿಂದ ತಲೆ ಅಲ್ಲಾಡಿಸಿದ ಎಂದರೆ, ಒಂದು ಕ್ಷಣ ನನಗೇ ನನ್ನ ಮೇಲೆ ಸಂಶಯ ಬಂತು. ಸದ್ಯಕ್ಕೆ ಅಳಿಸಿಬಿಡು ಎಂದ. ಚಿಕ್ಕರುದ್ರಪ್ಪ ಒಂದು ಬಟನ್ ಒತ್ತಿದ, ದೀಪ ಆರಿತು. ಮುಂದಿನ ವಾರ ಮತ್ತೆ ಹತ್ತಿತು, ಮತ್ತೆ ಅಳಿಸಿದರು. ಗಾಯಕ್ಕೆ ಔಷಧಿ ಹಾಕದೆ ಬಟ್ಟೆ ಸುತ್ತಿದರೆ ಎಷ್ಟು ದಿನ?

ಅಪ್ಪನಿಗೆ ಹೇಳಿದೆ. ಅಪ್ಪ, ದೀಪ ಹತ್ತದ ಹಾಗೆ ನೋಡಿಕೊಳ್ಳಮ್ಮ ಎಂದರು. ಹೆತ್ತ ಅಪ್ಪನ ಬಾಯಿಂದ ಈ ಮಾತು ಕೇಳಿದ ಮೇಲೆ ಇನ್ನು ಯಾರಿಗೆ ಹೇಳುವುದು? ಹಾಗಾಗಿ ನಾನು ಯಾರೂ ಮಾಡದ ಕೆಲಸ ಮಾಡಿದೆ. ಕೆರೆಯ ಹಿಂದೆ ನಡೆದುಕೊಂಡು ಹೋಗಿ ವಿಶಾಲಾಕ್ಷಿಯ ಮನೆ ಬಾಗಿಲು ತಟ್ಟಿದೆ.

ಅವಳು ಊದುಬತ್ತಿ ಹೊಸೆಯುತ್ತ ಕೂತಿದ್ದಳು. ನನ್ನನ್ನು ಕಂಡು ಮುಖ ಗಂಟು ಹಾಕಿದಳು, ಏಳಲಿಲ್ಲ. ನಾನು ಮಾತು ಹೇಗೆ ಶುರು ಮಾಡಬೇಕೆಂದು ತಿಳಿಯದೆ, ರವಿಕೆಯ ಬಲತೋಳನ್ನು ಮೇಲಕ್ಕೆ ಸರಿಸಿ ತೋರಿಸಿದೆ. ಅವಳು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು. ಕೈಗೆ ಅಂಟಿದ್ದ ಕಪ್ಪು ಹಿಟ್ಟನ್ನು ಒರೆಸಿಕೊಂಡು ತನ್ನ ಬಲತೋಳನ್ನೂ ಸರಿಸಿದಳು. ಅದೇ ಜಾಗ. ಅವಳದು ಒಣಗಿ ಮಚ್ಚೆಯ ಹಾಗಾಗಿತ್ತು, ನನ್ನದು ಇನ್ನೂ ಹಸಿ. ಇಬ್ಬರೂ ಅತ್ತೆವು ಎಂದು ಬರೆದರೆ ಸುಳ್ಳು. ನಗು ಬಂತು ನಮಗೆ, ಕೆಟ್ಟ ನಗು. ಅವನು ಜಾಗವನ್ನೂ ಬದಲಾಯಿಸಿಲ್ಲವಲ್ಲ ಎಂದಳು ವಿಶಾಲಾಕ್ಷಿ. ಆಮೇಲೆ ಬೆಲ್ಲದ ಕಾಫಿ ಕೊಟ್ಟಳು, ಮಗಳು ಹಲ್ಲು ಬಿದ್ದಾಗ ಅತ್ತಳಾ, ರಾತ್ರಿ ಯಾರ ಪಕ್ಕ ಮಲಗುತ್ತಾಳೆ ಎಂದೆಲ್ಲ ಕೇಳಿದಳು. ನಾನು ಹೊರಡುವಾಗ ಬಾಗಿಲ ತನಕ ಬಂದು ಕೈ ಹಿಡಿದಳು.

"ನಿನ್ನ ಹತ್ರ ಒಂದೇ ಒಂದು ಕೇಳ್ತೀನಿ. ನೀನೇ ಕೂತ್ಕೋ, ಇಲ್ಲಾ ಇನ್ಯಾರನ್ನಾದ್ರೂ ಕೂರಿಸ್ಲಿ. ಆ ಸೀಟಿಗೆ ನನ್ನ ಮಗಳು ಮಾತ್ರ ಬರಬಾರ್ದು ಕಣೆ."

ಆವತ್ತಿನಿಂದ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ನಾನು ಇಳಿದರೆ ಸೀಟು ಖಾಲಿ, ಖಾಲಿ ಬಿಡುವಂತಿಲ್ಲ, ಅತ್ತೆ ಯಾವತ್ತೂ ಹಿಂದೆಯೇ, ಮನೆಯಲ್ಲಿ ಮಿಕ್ಕ ಹೆಣ್ಣು ತನುಜಾ. ಆದ್ದರಿಂದ ನಾನು ಇಳಿಯಬಾರದು. ಇಳಿಯಬಾರದೆಂದರೆ ದೀಪ ಹತ್ತಬಾರದು. ಅದಕ್ಕೇನು ಮಾಡಬೇಕೋ ಎಲ್ಲ ಮಾಡಿದೆ. ಬಾಯಲ್ಲಿ ಲವಂಗ ಇಟ್ಟುಕೊಂಡು ಕಚ್ಚಿದೆ. ಮಗ್ಗಿ ಹೇಳಿಕೊಂಡೆ. ಅವನು ಮಾತು ಶುರು ಮಾಡಿದ ಕೂಡಲೇ ರಾತ್ರಿಯ ಅಡುಗೆಗೆ ಏನು ಎಂದು ಯೋಚಿಸಿದೆ. ತೋಳಿಗೆ ದಪ್ಪ ಬಟ್ಟೆ ಕಟ್ಟಿದೆ. ಅವನು ಬಟ್ಟೆ ಇಲ್ಲದ ಕಡೆ ಹುಡುಕಿಕೊಂಡ. ನೋವನ್ನು ನುಂಗಬಹುದು, ಆದರೆ ನನಗೆ ಸಿಟ್ಟು ನುಂಗಲು ಬರಲಿಲ್ಲ. ಬಾಯಿ ಮುಚ್ಚಿದರೂ ಹೊಟ್ಟೆಯೊಳಗೆ ಅದು ಬೇಯುತ್ತಲೇ ಇತ್ತು, ದೀಪ ಹತ್ತುತ್ತಲೇ ಇತ್ತು.

ಒಂದು ಮಧ್ಯಾಹ್ನ ಅತ್ತೆ ಅಕ್ಕಿ ಆರಿಸುತ್ತಿದ್ದಾಗ ಎದುರು ಕೂತು ಕೇಳಿದೆ. ನೀವು ಮುಂದೆ ಕೂತುಕೊಳ್ಳಿ, ನಾನು ಹಿಂದೆ ಕೂರುತ್ತೇನೆ, ನೀವಿದ್ದರೆ ಅವರು ಕೈ ಮಾಡುವುದಿಲ್ಲ ಎಂದೆ. ಮೊದಲ ಸಲ ಕೈ ಎಂಬ ಮಾತನ್ನು ಅವರ ಎದುರು ಆಡಿದ್ದೆ. ಅವರು ಏನು ಕೈ, ಯಾವ ಕೈ ಎಂದು ಕೇಳಲಿಲ್ಲ. ಮೊರವನ್ನು ಒಮ್ಮೆ ಕೇರಿ, ನುಚ್ಚು ಬೇರೆ ಮಾಡಿ, ನಿಮ್ಮ ಮಾವನ ಗಾಡಿಯಲ್ಲಿ ಅವರು ಸಾಯುವ ತನಕ ಮುಂದೆ ಕೂತವಳು ನಾನೇ, ಒಂದು ದಿವಸ ದೀಪ ಹತ್ತಿಸಿದವಳಲ್ಲ ಎಂದರು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಬೇಕಿತ್ತು ನೀವು. ಮಾತು ಮುಗಿಸಿ ಸೆರಗನ್ನು ಬಲತೋಳಿನ ಮೇಲೆ ಎಳೆದುಕೊಂಡರು. ನನಗೆ ಅವರ ಮೇಲೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಮೊರ ಕಸಿದು ಎಸೆಯಬೇಕು ಅನ್ನಿಸಿತು.

ಮಾಘಮಾಸದ ಮದುವೆಗಳು ಶುರುವಾದವು. ಹಣೆಬರಹಕ್ಕೆ ಹೊಣೆ ಯಾರು, ಊರಿನ ದೊಡ್ಡ ಮನೆಯೊಂದರ ಮದುವೆಗೆ ಹೋದಾಗ ಗೇಟಿನಲ್ಲೇ ಕಾವಲಿನವನು ದೀಪ ಕಂಡುಬಿಟ್ಟ. ಉಮಾಪತಿಯ ಕೊಪ್ಪರಿಗೆಗಳು ಒಳಗೆ, ಉಮಾಪತಿ ಹುಣಸೆಮರದ ಕೆಳಗೆ. ಜನ ಬಗ್ಗಿ ಬಗ್ಗಿ ನೋಡಿ ಹೋದರು. ಮುಂದಿನ ಎರಡು ಮದುವೆಯವರು ಬೇರೆ ಊರಿನಿಂದ ಪಾತ್ರೆ ತರಿಸಿದರು. ಉಮಾಪತಿ ಆವತ್ತು ಗಾಡಿಯಲ್ಲಿ ಏನೂ ಅನ್ನಲಿಲ್ಲ, ಚಿವುಟಲೂ ಇಲ್ಲ. ಸೋಮವಾರ ಬೆಂಚಿನ ಎದುರು ಓದಿಸೋಣ ಎಂದ, ಅಷ್ಟೆ.

ಭಾನುವಾರ ಊಟದ ಹೊತ್ತಿಗೆ ಬೆಂಚಿನವರು ಮನೆಗೆ ಹೋಗಿರುತ್ತಾರೆಂದು ಲೆಕ್ಕ ಹಾಕಿ ನಾನೊಬ್ಬಳೇ ಶೆಡ್ಡಿಗೆ ಹೋದೆ. ಚಿಕ್ಕರುದ್ರಪ್ಪ ಟಿಫನ್ ಕ್ಯಾರಿಯರ್ ಬಿಚ್ಚುತ್ತಿದ್ದ. ಹಣೆ ತುಂಬ ವಿಭೂತಿ, ಬೆರಳಿಗೆ ನಾಲ್ಕು ಉಂಗುರ, ಪಂಚಾಂಗದವರಿಗಿಂತ ಹೆಚ್ಚು ಜಂಬ ಆ ಮನುಷ್ಯನಿಗೆ. ವಿಶಾಲಾಕ್ಷಿ ಇದ್ದಾಗ ಬಂದ ಕೋಡೂ ನನ್ನದೂ ಒಂದೇನಾ ಎಂದು ಕೇಳಿದೆ. ಒಂದೇ ಎಂದ. ಹೊಸ ಪಾರ್ಟು ಹಾಕಿದ ಮೇಲೂ ಅದೇ ಕೋಡ್ ಬಂದರೆ ನಿಮ್ಮ ಕಸುಬಿನಲ್ಲಿ ಏನು ಅರ್ಥ ಎಂದೆ. ಅವನು ಅನ್ನ ಕಲಸುವುದನ್ನು ನಿಲ್ಲಿಸಿ ಹೊರಗೆ ಯಾರಾದರೂ ಇದ್ದಾರಾ ನೋಡಿದ. ಆಮೇಲೆ ದನಿ ತಗ್ಗಿಸಿ, ತಾನು ಪರವೂರಿನಲ್ಲಿ ಕೆಲಸ ಕಲಿತದ್ದನ್ನು ಹೇಳಿದ. ಅಲ್ಲಿನ ಗಾಡಿಗಳಲ್ಲಿ ದೀಪ ಎಂಜಿನ್ನಿಗೇ ಹತ್ತುವುದಂತೆ. ಸೈಲೆನ್ಸರ್ ಪೈಪಿನಲ್ಲಿ ಒಂದು ಸಣ್ಣ ಸೆನ್ಸರ್ ಇರುವುದಂತೆ, ಹೊಗೆ ಸರಿಯಿಲ್ಲದಿದ್ದರೆ ತಿಳಿಸುವುದೇ ಅದರ ಕೆಲಸ. ಕೋಡಿನಲ್ಲಿ ಅದರ ಹೆಸರೇ ಬರುವುದರಿಂದ ತಿಳಿಯದವರು ಅದನ್ನೇ ಕಿತ್ತು ಹೊಸದು ಹಾಕುತ್ತಾರೆ, ಹೊಸದೂ ಪಾಪ ಅದನ್ನೇ ಹೇಳುತ್ತದೆ.

"ಹೊಗೆ ಐತೆ ಅಂತ ಹೇಳೋ ಸಾಮಾನು ಹೊಗೆ ಬಿಡೋ ಸಾಮಾನಲ್ಲ ಕಣಮ್ಮ" ಎಂದ.

ಇದೇ ಮಾತನ್ನು ನಾಳೆ ಬೆಂಚಿನ ಮುಂದೆ ಹೇಳಿ, ನಿಮ್ಮ ಕಾಲಿಗೆ ಬೀಳಬೇಕಾದರೆ ಬೀಳುತ್ತೇನೆ ಎಂದೆ. ಅವನು ಮತ್ತೆ ಅನ್ನ ಕಲಸತೊಡಗಿದ. ನಾನು ಕೋಡ್ ಓದುವವನು, ಅರ್ಥ ಹೇಳುವುದು ಬೆಂಚಿನವರ ಕೆಲಸ, ಅವರ ಬಾಯಿಗೆ ನಾನು ಅಡ್ಡ ಬಂದರೆ ನಾಳೆಯಿಂದ ನನ್ನ ಶೆಡ್ಡಿಗೆ ಯಾರು ಬರುತ್ತಾರೆ ಎಂದ. ಹಾಗಾದರೆ ನಡಿಗೆ ಬೀದಿಯ ಒಂದೊಂದು ಮನೆಯನ್ನೂ ಕಟ್ಟಿದ್ದು ನೀವೇ ಅಲ್ಲವೇ ಎಂದೆ. ಅವನು ಅನ್ನಕ್ಕೆ ಇನ್ನಷ್ಟು ಸಾರು ಸುರಿದುಕೊಂಡ. ಗೋಡೆಗೆ ಅವನ ಸೈಕಲ್ಲು ಒರಗಿತ್ತು. ಊರಿನ ಕಾರುಗಳ ಒಳಗುಟ್ಟೆಲ್ಲ ತಿಳಿದ ಆ ಮನುಷ್ಯ ತನ್ನ ಮನೆಗೆ ಮಾತ್ರ ಕಾರು ತಂದಿಲ್ಲ. ಎಷ್ಟು ಬುದ್ಧಿವಂತ ನೋಡಿ.

ಸೋಮವಾರ ಅತ್ತೆ, ತನುಜಾ ಸಮೇತ ಎಲ್ಲರೂ ಶೆಡ್ಡಿಗೆ ಹೋದೆವು. ಬೆಂಚು ತುಂಬಿತ್ತು. ನಡುವೆ ನಿವೃತ್ತ ಹೆಡ್‌ಮಾಸ್ಟರ್ ಗವಿರಂಗಯ್ಯ, ಅವರ ಮಾತೇ ಕೊನೆ. ಚಿಕ್ಕರುದ್ರಪ್ಪ ವೈರು ಚುಚ್ಚಿ, ಕೀಲಿ ತಿರುಗಿಸಿ, ಅಕ್ಷರ ಅಂಕಿಗಳನ್ನು ಗಟ್ಟಿಯಾಗಿ ಓದಿದ. ಕೊನೆಗೆ ಎರಡು. ಬೆಂಚಿನವರು ಸಾವಿನ ಮನೆಯಲ್ಲಿ ಮಾಡುವ ಹಾಗೆ ಲೊಚಗುಟ್ಟಿದರು. ನಾನು ಮುಂದೆ ಬಂದು, ನನ್ನ ಮಾತೂ ಸ್ವಲ್ಪ ಕೇಳಿ ಎಂದೆ. ಸೈಲೆನ್ಸರಿನ ಸೆನ್ಸರಿನ ವಿಷಯ ಹೇಳಿದೆ, ಯಾರಿಂದ ತಿಳಿಯಿತೆಂದೂ ಹೇಳಿದೆ. ಎಲ್ಲರೂ ಚಿಕ್ಕರುದ್ರಪ್ಪನ ಕಡೆ ನೋಡಿದರು. ಅವನು ವೈರನ್ನು ಸುರುಳಿ ಸುತ್ತುತ್ತ, ಆಯಮ್ಮ ಏನೋ ತಪ್ಪು ತಿಳಿದುಕೊಂಡಿದ್ದಾರೆ ಎಂದ. ನಾನು ತೋಳು ಸರಿಸಿ ತೋರಿಸಿದೆ. ಹೆಣ್ಣುಮಗಳು ಮೈ ತೋರಿಸುತ್ತಿದ್ದಾಳೆಂದು ಗಂಡಸರೆಲ್ಲ ಮುಖ ತಿರುಗಿಸಿಕೊಂಡರು. ಗವಿರಂಗಯ್ಯ ಮಾತ್ರ ನೋಡಿದರು, ಕನ್ನಡಕ ಸರಿ ಮಾಡಿಕೊಂಡು ಚೆನ್ನಾಗಿಯೇ ನೋಡಿದರು.

"ತೋಳಿನ ಗುರುತು ತೋಳಿಂದು, ಕೋಡು ಗಾಡೀದು. ಎರಡನ್ನೂ ಬೆರಸಬಾರ್ದು ತಾಯಿ" ಎಂದರು.

ಅವಳಿದ್ದಾಗಲೂ ಎರಡು, ನಾನಿದ್ದಾಗಲೂ ಎರಡು, ಇದಕ್ಕೇನು ಹೇಳುತ್ತೀರಿ ಎಂದು ಕೇಳಿದೆ. ಬೆಂಚಿನವರು ಯೋಚಿಸುವ ಮೊದಲೇ ಅತ್ತೆ ಸೆರಗಿನಿಂದ ಕಣ್ಣೊರಸಿಕೊಂಡು, ನನ್ನ ಮಗನ ಹಣೆಯಲ್ಲಿ ಬರೆದದ್ದು, ಎರಡು ಸಲವೂ ಕೆಟ್ಟ ಹೆಣ್ಣೇ ಸಿಕ್ಕಿತು ಎಂದರು. ಬೆಂಚಿಗೆ ಅದು ಸರಿ ಕಂಡಿತು. ನನಗೆ ರೇಗಿಹೋಯಿತು. ಇವನನ್ನು ಇಳಿಸಿ, ಸ್ಟೇರಿಂಗ್ ನನಗೆ ಕೊಡಿ, ಆಮೇಲೆ ದೀಪ ಹತ್ತಿದರೆ ನನ್ನ ತಲೆ ಬೋಳಿಸಿ ಎಂದು ಕೂಗಿದೆ. ಅದಕ್ಕೆ ಗವಿರಂಗಯ್ಯ ಮಕ್ಕಳಿಗೆ ಲೆಕ್ಕ ಬಿಡಿಸುವಷ್ಟು ತಾಳ್ಮೆಯಿಂದ, ಈ ಶೆಡ್ಡು ಹುಟ್ಟಿದ ಮೇಲೆ ಒಂದನೇ ಸೀಟಿನ ಕೋಡ್ ಒಮ್ಮೆಯಾದರೂ ಬಂದಿದೆಯೇ ಎಂದು ಚಿಕ್ಕರುದ್ರಪ್ಪನನ್ನು ಕೇಳಿದರು. ಒಂದು ಸಲವೂ ಇಲ್ಲ ಎಂದ ಅವನು. ನೋಡಿದೆಯಾ, ಓಡಿಸುವವನಲ್ಲಿ ದೋಷ ಇರುವುದಿಲ್ಲ, ಇದು ಯಂತ್ರವೇ ಹೇಳುವ ಮಾತು ಎಂದರು ಅವರು. ಚಿವುಟುವವನಿಗೆ ಎಲ್ಲಿ ನೋಯುತ್ತದೆ, ಅವನೇಕೆ ದೂರು ಕೊಡುತ್ತಾನೆ! ಆದರೆ ಬೆಂಚಿನವರೆಲ್ಲ ಆಗಲೇ ಟವೆಲ್ ಕೊಡವಿಕೊಂಡು ಏಳುತ್ತಿದ್ದರು.

ಸೀಟಿಗೆ ಯಾರು ಎಂಬ ಮಾತು ಬಂತು. ಮಾಘದಲ್ಲಿ ಇನ್ನೂ ಮದುವೆಗಳಿದ್ದವು, ಮೂರನೆಯ ಹೆಣ್ಣು ಹುಡುಕುವಷ್ಟು ಸಮಯವಿರಲಿಲ್ಲ. ಅತ್ತೆಯೇ ಹೇಳಿದರು, ಮೊಮ್ಮಗಳು ದೊಡ್ಡವಳಾದಳು, ಮುಂದೆ ಕೂರಲಿ ಎಂದು. ನಾನು ಹುಟ್ಟಿದ ಮೇಲೆ ಯಾರ ಮುಂದೂ ತಗ್ಗಿದವಳಲ್ಲ. ಆವತ್ತು ಆ ಎಣ್ಣೆ ಚೆಲ್ಲಿದ ನೆಲದ ಮೇಲೆ ಬಿದ್ದು ಒಬ್ಬೊಬ್ಬರ ಕಾಲನ್ನೂ ಹಿಡಿದೆ. ನಾನೇ ಕೂರುತ್ತೇನೆ, ದೋಷವೆಲ್ಲ ನನ್ನದೇ, ತಿದ್ದಿಕೊಳ್ಳುತ್ತೇನೆ, ಮಗುವನ್ನು ಮಾತ್ರ ಬೇಡ ಎಂದೆ. ಓದಿ ಆದ ಕೋಡನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ನೋಡಿ, ಒಳ್ಳೆಯ ಮಾತಿನಲ್ಲಿ ಹೇಳಿದರೆ ಒಪ್ಪಿಕೊಳ್ಳುತ್ತಾಳೆ ಎಂದು ಯಾರೋ ಹಿಂದಿನಿಂದ ಮೆಚ್ಚಿಕೊಂಡರು. ತನುಜಾ ಹಿಂದಿನ ಬಾಗಿಲಿನಿಂದ ಇಳಿದು, ಮುಂದಿನ ಬಾಗಿಲನ್ನು ಎರಡೂ ಕೈಯಿಂದ ಎಳೆದು, ಹತ್ತಿ ಕೂತಳು. ಬೆಲ್ಟು ಅವಳ ಕತ್ತಿಗೆ ಬರುತ್ತಿತ್ತು. ಗಾಜು ಏರಿತು, ಗಾಡಿ ಹೋಯಿತು. ನಾನು ನಡೆದುಕೊಂಡು ಕೆರೆಯ ಹಿಂದಕ್ಕೆ ಬಂದೆ.

ವಿಶಾಲಾಕ್ಷಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೆನ್ನೆಗೆ ಒಂದು ಬಾರಿಸಿದಳು, ಆಮೇಲೆ ಒಳಗೆ ಕರೆದು ಚಾಪೆ ಹಾಸಿದಳು. ಎರಡಕ್ಕೂ ನಾನು ಎದುರಾಡಲಿಲ್ಲ. ಈಗ ಅವಳ ಜೊತೆಗೇ ಇದ್ದೇನೆ, ಊದುಬತ್ತಿ ಹೊಸೆಯುತ್ತೇನೆ.

ಮಗು ತಡೆದುಕೊಳ್ಳುವುದಿಲ್ಲ, ವಾರದಲ್ಲಿ ದೀಪ ಹತ್ತುತ್ತದೆ, ಮಗುವಿನ ಮೇಲೆ ಯಾರೂ ದೋಷ ಹೊರಿಸಲಾರರು, ಆಗ ಊರಿನ ಕಣ್ಣು ತೆರೆಯುತ್ತದೆ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ವಾರ ಕಳೆಯಿತು, ಮಾಘ ಕಳೆಯಿತು, ದೀಪ ಹತ್ತಲಿಲ್ಲ. ಉಮಾಪತಿಯ ಗಾಡಿಗೆ ಗೇಟುಗಳು ತಾವಾಗಿ ತೆರೆದುಕೊಂಡವು. ಶಿವಗಂಗಮ್ಮ ಬೆಂಚಿನವರಿಗೆಲ್ಲ ಮೈಸೂರು ಪಾಕು ಹಂಚಿದರು. ಅವನು ಮಗಳ ಮೇಲೆ ಕೈ ಮಾಡುತ್ತಿಲ್ಲವೇನೋ, ಎಷ್ಟಾದರೂ ಹೆತ್ತ ಅಪ್ಪ ಎಂದು ನಾನು ಒಂದು ರಾತ್ರಿ ಆಸೆಪಟ್ಟು ಹೇಳಿದೆ. ವಿಶಾಲಾಕ್ಷಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ನಾನು ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಕಾದು ನಿಂತೆ. ನಡಿಗೆ ಬೀದಿಯವರು ಶಾಲೆಯ ಮುಂಬಾಗಿಲಿಗೆ ಹೋಗುವಂತಿಲ್ಲ. ತನುಜಾ ನೀರು ಕುಡಿಯಲು ಬಂದಳು. ಬಿಸಿಲು ಸುಡುತ್ತಿತ್ತು, ಮೈಮೇಲೆ ತುಂಬುತೋಳಿನ ಸ್ವೆಟರ್ ಇತ್ತು. ನಾನು ಕೇಳದೆಯೇ ಬಲತೋಳನ್ನು ಸರಿಸಿದೆ. ನೋಡಬಾರದ್ದನ್ನು ನೋಡಿದೆ. ಹಳೆಯದು, ಹೊಸದು, ಒಂದರ ಮೇಲೊಂದು. ಅವಳು ತೋಳನ್ನು ಎಳೆದುಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಬೇರೆ ಯಾರದೋ ತೋಳನ್ನು ನಾನು ನೋಡುತ್ತಿದ್ದೇನೆ ಎಂಬಂತೆ ನಲ್ಲಿಯ ನೀರು ನೋಡುತ್ತಿದ್ದಳು. ನೋಯುವುದಿಲ್ಲವೇನೇ ಕಂದ ಎಂದೆ.

"ಮೊದಲು ನೋಯ್ತಿತ್ತು ಚಿಕ್ಕಮ್ಮ. ಈಗ ಅಪ್ಪ ಗಾಜು ಏರಿಸಿದ್ ತಕ್ಷಣ ನಾನು ಅಲ್ಲಿರಲ್ಲ. ಹೊರಗೆ ಹೋಗಿ ಕರೆಂಟ್ ಕಂಬದ ಮೇಲೆ ಕೂತ್ಕೋತೀನಿ. ಅಜ್ಜಿ ಹೇಳ್ಕೊಟ್ರು."

ಮನೆಗೆ ಬಂದು ವಿಶಾಲಾಕ್ಷಿಗೆ ಹೇಳಿದೆ, ಇಬ್ಬರೂ ಶೆಡ್ಡಿಗೆ ಓಡಿದೆವು. ಓಡಿದೆವು ಎಂದರೆ ನಿಜವಾಗಿಯೂ ಓಡಿದೆವು, ಸೆರಗು ಎಲ್ಲೋ ಚಪ್ಪಲಿ ಎಲ್ಲೋ. ಮಗುವಿನ ತೋಳು ನೋಡಿ ಎಂದು ವಿಶಾಲಾಕ್ಷಿ ಬೆಂಚಿನ ಮುಂದೆ ಕೂಗಾಡಿದಳು. ಉಮಾಪತಿಯನ್ನು ಕರೆಸಿದರು. ಅವನು ಬೇಸರವನ್ನೇ ತೋರಿಸದೆ, ಎಲ್ಲರಿಗೂ ಕೈಮುಗಿದು, ಗಾಡಿಯ ಬಾಗಿಲು ತೆಗೆದುಕೊಟ್ಟ. ಚಿಕ್ಕರುದ್ರಪ್ಪ ವೈರು ಚುಚ್ಚಿದ. ಪರದೆಯ ಮೇಲೆ ಒಂದು ಅಕ್ಷರವೂ ಇಲ್ಲ, ಒಂದು ಅಂಕಿಯೂ ಇಲ್ಲ. ಅವನು ಒಮ್ಮೆ ನನ್ನ ಕಡೆ ನೋಡಿ, ಸ್ಕ್ಯಾನರನ್ನು ಗವಿರಂಗಯ್ಯನವರ ಕೈಗೆ ಕೊಟ್ಟ. ಗವಿರಂಗಯ್ಯ ಪರದೆಯನ್ನು ವಿಶಾಲಾಕ್ಷಿಯ ಕಡೆ ತಿರುಗಿಸಿ, ದೀಪವೇ ಇಲ್ಲವಲ್ಲ ತಾಯಿ, ದೋಷ ಎಲ್ಲಿಂದ ತರೋಣ ಎಂದರು. ಇಂಥ ಮಗುವನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಉಮಾಪತಿಯ ಬೆನ್ನು ತಟ್ಟಿದರು.

ಈಗ ದಿನವೂ ಬೆಳಿಗ್ಗೆ ನಾನೂ ವಿಶಾಲಾಕ್ಷಿಯೂ ಸೇತುವೆಯ ಹತ್ತಿರ ಹೋಗಿ ನಿಲ್ಲುತ್ತೇವೆ. ಅಲ್ಲಿ ರಸ್ತೆ ಕಿತ್ತುಹೋಗಿರುವುದರಿಂದ ಯಾವ ಗಾಡಿಯಾದರೂ ನಿಧಾನ ಮಾಡಲೇಬೇಕು, ಬಗ್ಗಿದರೆ ಮೀಟರು ಕಾಣುತ್ತದೆ. ಊರಿನವರೆಲ್ಲ ಅವರವರ ಗಾಡಿಯಲ್ಲಿ ಆ ದೀಪ ಹತ್ತದಿರಲಿ ಎಂದು ಹರಕೆ ಹೊರುತ್ತಾರೆ. ಹತ್ತಲಪ್ಪ, ಒಂದು ಸಲವಾದರೂ ಹತ್ತಲಿ ಎಂದು ಬೇಡಿಕೊಳ್ಳುವವರು ನಾವಿಬ್ಬರೇ. ಉಮಾಪತಿ ನಮ್ಮನ್ನು ಕಂಡರೆ ಬಲಗೈ ಎತ್ತಿ ನಮಸ್ಕಾರ ಮಾಡುತ್ತಾನೆ. ತನುಜಾ ನಮ್ಮ ಕಡೆಗೇ ನೋಡುತ್ತಿರುತ್ತಾಳೆ, ನಾವು ಕೈ ಬೀಸಿದರೆ ಅವಳಿಗೆ ಕಾಣುವುದಿಲ್ಲ. ವಿಶಾಲಾಕ್ಷಿ ಅವಳ ಮುಖ ನೋಡುತ್ತಾಳೆ, ನಾನು ದೀಪ ನೋಡುತ್ತೇನೆ, ಗಾಡಿ ದಾಟಿದ ಮೇಲೆ ಹತ್ತಿತ್ತಾ ಎಂದು ಅವಳು ಕೇಳುತ್ತಾಳೆ, ನಾನು ಇಲ್ಲ ಎನ್ನುತ್ತೇನೆ. ಇವತ್ತೂ ಇಲ್ಲ ಎಂದೆ.